ಒಂದನೇ ಪುಸ್ತಕದಲ್ಲಿ ಸತ್ತ ತಾಯಿ

"ಆ ಮನೇಲಿ ಮಂಚ ಇರೋಕೆ ಸಾಧ್ಯವೇ ಇಲ್ಲ," ಎಂದಳು ತಾಳೆಯಮ್ಮ.

ಎದ್ದು ಕಪಾಟಿನಿಂದ ಒಂದನೇ ಪುಸ್ತಕ ತೆಗೆದಳು. ಹೆಬ್ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡೇ ಇರುವ ಹೆಂಗಸು ಅವಳು. ಸರಸರನೆ ಪುಟ ತಿರುಗಿಸಿ ನನ್ನ ಮೂಗಿನ ಮುಂದೆ ಹಿಡಿದಳು.

"ಓದಿ. ಪುಟ ಇಪ್ಪತ್ಮೂರು. 'ಮಿಣುಕಿ ಹುಟ್ಟಿದ ಮನೆಯಲ್ಲಿ ಮಂಚವಿರಲಿಲ್ಲ, ಎಲ್ಲರೂ ನೆಲದ ಮೇಲೆ ಮಲಗುತ್ತಿದ್ದರು.' ಒಂದನೇ ಪುಸ್ತಕದಲ್ಲಿ ಇಲ್ಲದ ಮಂಚ ಮೂರನೇ ಪುಸ್ತಕಕ್ಕೆ ಎಲ್ಲಿಂದ ಬರುತ್ತೆ?"

"ಆಮೇಲೆ ಕೊಂಡುಕೊಂಡಿರಬಹುದು," ಎಂದೆ.

"ಕೊಂಡುಕೊಂಡ ವಿಷಯ ಎಲ್ಲೂ ಬಂದಿಲ್ಲ. ಅದಕ್ಕೇ ಮಂಚದ ಕಾಲು ಅನ್ನೋದನ್ನ ಹೊಡೆದು ಹೊಲಿಗೆ ಮೆಷಿನ್ ಕಾಲು ಅಂತ ಮಾಡಿದೆ. ಮೆಷಿನ್ ಇರೋದು ಒಂದನೇ ಪುಸ್ತಕದಲ್ಲೇ ಇದೆ, ಪುಟ ಇಪ್ಪತ್ತೆಂಟು."

ಅಂದರೆ ಬರೆದವರು ಬರೆದದ್ದು ಮಂಚವೆಂದೇ.

ಈ ಮಂಚದ ಕಾಲಿಗಾಗಿ ಹನ್ನೊಂದು ದಿನದಿಂದ ನಾನು ಊರೆಲ್ಲ ಅಲೆದಿದ್ದೆ. ನನ್ನನ್ನು ಅಲೆಸಿದವಳು ಕನ್ನಡಕದ ಅಂಗಡಿ ನಡೆಸುವ ಮೂವತ್ನಾಲ್ಕರ ಹೆಂಗಸು. ಅವಳಿಗೆ ನಾಲ್ಕು ವರ್ಷವಿದ್ದಾಗ ಒಂಬತ್ತು ವರ್ಷದ ಅಕ್ಕ ಮನೆಯಿಂದ ಕಾಣೆಯಾದಳು. ಮಧ್ಯಾಹ್ನ ಮಲಗುವಾಗ ಅಕ್ಕ ತನ್ನ ಕಾಲಿನ ಹೆಬ್ಬೆರಳಿಗೂ ತಂಗಿಯ ಹೆಬ್ಬೆರಳಿಗೂ ಒಂದು ನೀಲಿ ದಾರ ಕಟ್ಟುತ್ತಿದ್ದಳಂತೆ, ತಂಗಿ ಎದ್ದು ಬೀದಿಗೆ ಓಡಿದರೆ ತನಗೆ ಎಚ್ಚರವಾಗಲಿ ಎಂದು. ಆ ದಿನ ತಂಗಿ ಕಣ್ಣು ಬಿಟ್ಟಾಗ ಅಕ್ಕ ಇರಲಿಲ್ಲ. ದಾರದ ಆ ತುದಿ ಮಂಚದ ಕಾಲಿಗೆ ಕಟ್ಟಿತ್ತು.

ಮಗು ಅದನ್ನು ಬಿಚ್ಚಿ ಬಾಯೊಳಗೆ ಇಟ್ಟುಕೊಂಡಿತು. ಕೇಳಿದವರಿಗೆಲ್ಲ, ಕಾಲು ಕಡಿಯುತ್ತಿತ್ತು, ನಾನೇ ದಾರ ಬಿಚ್ಚಿದೆ ಎಂದಿತು. ಅಕ್ಕ ತನ್ನನ್ನು ಮಂಚಕ್ಕೆ ಕಟ್ಟಿ ಬಿಟ್ಟುಹೋದಳು ಎಂದು ಬಾಯಿಬಿಟ್ಟು ಹೇಳಲು ಆ ವಯಸ್ಸಿಗೇ ಅದಕ್ಕೆ ನಾಚಿಕೆಯಾಗಿತ್ತು.

"ನಾನು ಬಿಚ್ಚಿದ್ದಕ್ಕೇ ಅಕ್ಕ ಹೋದ್ಲು ಅಂತ ಮನೇಲಿ ಎಲ್ರೂ ನಂಬಿದಾರೆ, ಫೈಲಣ್ಣ," ಎಂದಿದ್ದಳು ಅವಳು ಮೊದಲ ದಿನ. "ಮೂವತ್ತು ವರ್ಷದಿಂದ ಹೇಳ್ತಾ ಹೇಳ್ತಾ ಒಂದೊಂದ್ಸಲ ನಾನೂ ನಂಬ್ತೀನಿ. ಮಂಚದ ವಿಷಯ ಇವತ್ತಿಗೂ ಯಾರಿಗೂ ಹೇಳಿಲ್ಲ. ನಿಮಗೇ ಮೊದಲು."

ಹೀಗೆ ಹೇಳಿ ನನ್ನ ಮುಂದೆ ಒಂದು ಅಗ್ಗದ ಕಾದಂಬರಿ ಇಟ್ಟಿದ್ದಳು. ರಟ್ಟಿನ ಮೇಲೆ ರಾಕೆಟ್ಟು, ನಕ್ಷತ್ರ, ಹೊಗೆ. ನಾನು ಮೂಗು ಮುರಿದೆ. ಆಮೇಲೆ ಮೂರೂ ಪುಸ್ತಕ ಓದಿದೆ, ಮೂರನೆಯದನ್ನು ಎರಡು ಸಲ. ಈ ವಿಷಯ ನನ್ನ ಹೆಂಡತಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

'ಏಳನೇ ನೌಕೆ' ಎಂಬುದು ಟೀವಿ ಧಾರಾವಾಹಿ. ಅದರ ಬೆನ್ನು ಹಿಡಿದು ಬರುವ ಕಾದಂಬರಿಗಳು ಇವು. ಟೀವಿಯಲ್ಲಿರುವ ಯಾರಿಗೂ ಪುಸ್ತಕದಲ್ಲಿ ಏನೂ ಆಗುವಂತಿಲ್ಲ ಎಂಬುದು ಕರಾರು. ಸಾಯುವಂತಿಲ್ಲ, ಮದುವೆಯಾಗುವಂತಿಲ್ಲ, ಕೂದಲು ಕೂಡ ಕತ್ತರಿಸಿಕೊಳ್ಳುವಂತಿಲ್ಲ. ಹಾಗಾಗಿ ಬರೆಯುವವರು ತಮ್ಮದೇ ಒಬ್ಬಳನ್ನು ಹುಟ್ಟಿಸಿಕೊಂಡರು. ಅವಳೇ ಮಿಣುಕಿ. ಗೂಢಚಾರಿಣಿ, ಟೀವಿಯಲ್ಲಿ ಎಂದೂ ಮುಖ ತೋರಿಸದವಳು. ಏಟು, ನೋವು, ಹಗೆ, ಆಗಬೇಕಾದದ್ದೆಲ್ಲ ಅವಳೊಬ್ಬಳಿಗೇ ಆಗುತ್ತದೆ.

ಮೂರನೇ ಪುಸ್ತಕದಲ್ಲಿ ಅವಳ ಬಾಲ್ಯ ಬರುತ್ತದೆ. ಗೂಢಚಾರ ಇಲಾಖೆಯವರು ಎಳೆ ಮಕ್ಕಳನ್ನು ಮನೆಯಿಂದ ಒಯ್ದು ಪಳಗಿಸುತ್ತಾರೆ. ಒಂಬತ್ತು ವರ್ಷದ ಮಿಣುಕಿ ಹೊರಡುವ ಮೊದಲು ಮಲಗಿದ್ದ ತಂಗಿಯ ಬೆರಳಿನ ದಾರವನ್ನು ಹೊಲಿಗೆ ಮೆಷಿನ್ನಿನ ಕಾಲಿಗೆ ಕಟ್ಟುತ್ತಾಳೆ.

ಮೆಷಿನ್ನಿನ ಕಾಲು ಎಂದಿದ್ದಕ್ಕೇ ನಾನು ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವವನಿದ್ದೆ. ಈಗ ಮಂಚ ಸಿಕ್ಕಿತ್ತು. ಮಂಚದ ವಿಷಯ ಗೊತ್ತಿರಲು ಸಾಧ್ಯವಿದ್ದವರು ಜಗತ್ತಿನಲ್ಲಿ ಮೂವರೇ. ದಾರ ಬಿಚ್ಚಿದ ತಂಗಿ, ಕಾಣೆಯಾದ ಅಕ್ಕ, ಅಲ್ಲಿ ನಿಂತು ಆ ಅಕ್ಕನನ್ನು ಕರೆದುಕೊಂಡು ಹೋದವರು.

"ಬರೆದವರು ಯಾರು?" ಎಂದು ಕೇಳಿದೆ.

"ಮುಖಪುಟದ ಮೇಲೆ ಹೆಸರಿದೆಯಲ್ಲ."

"ಆ ಹೆಸರಿನ ಮನುಷ್ಯನೇ ಇಲ್ಲ ಅಂತ ಮೇಷ್ಟ್ರು ಹೇಳಿದಾರೆ."

ಮೇಷ್ಟ್ರು ಎಂದರೆ ನಿವೃತ್ತ ವಿಜ್ಞಾನದ ಮೇಷ್ಟ್ರು. ಆ ಹೆಸರಿನ ಹಿಂದೆ ಬರೆಯುವ ಮೂವರಲ್ಲಿ ಒಬ್ಬರು. ತಮಗೆ ಇಂಜಿನ್ನು, ಇಂಧನ ಬಿಟ್ಟು ಬೇರೇನೂ ಬರುವುದಿಲ್ಲ, ಮನುಷ್ಯರ ಅಧ್ಯಾಯ ಬೇರೆಯವರದು ಎಂದು ಮೊನ್ನೆ ನನ್ನ ಮುಂದೆ ಕೈತೊಳೆದುಕೊಂಡಿದ್ದರು.

ತಾಳೆಯಮ್ಮ ಕುರ್ಚಿಯಲ್ಲಿ ಕೂತಳು. ಈ ಪ್ರಕಾಶಕರ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಪುಸ್ತಕಕ್ಕೂ ಟೀವಿಗೂ, ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ತಾಳೆ ನೋಡುವುದು ಅವಳ ಕೆಲಸ. ಕಿಟಕಿಯಿಲ್ಲದ ಕೋಣೆ, ನಾಲ್ಕು ಗೋಡೆಗೂ ಕಡತ, ಮೇಜಿನ ಮೇಲೆ ಹಳದಿ ಚೀಟಿಗಳ ಕಟ್ಟು. ನನ್ನ ಹಳೆಯ ಕಚೇರಿಯೇ ಎದ್ದು ಬಂದ ಹಾಗಿತ್ತು. ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಕಾಣೆಯಾದವರ ಕಡತ ನೋಡಿಕೊಂಡವನು ನಾನು. ಫೈಲಣ್ಣ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಅವಳ ವಯಸ್ಸು ನಲವತ್ತರ ಆಸುಪಾಸು. ನನ್ನ ಲೆಕ್ಕ ತಾನಾಗಿ ಓಡಿತು.

"ನಿಮಗೆ ಈಗ ಮೂವತ್ತೊಂಬತ್ತಾ?"

"ಹೌದು. ಯಾಕೆ?"

"ಚಿಕ್ಕಂದಿನಲ್ಲಿ ಎಲ್ಲಿದ್ರಿ?"

ಅವಳು ನನ್ನನ್ನು ಒಂದು ಗಳಿಗೆ ನೋಡಿ ನಕ್ಕಳು. "ಓಹೋ, ಹಾಗಾ. ನನಗೆ ನಾಲ್ಕು ಜನ ಅಣ್ಣಂದಿರು. ಪಕ್ಕದ ಬೀದಿಗೆ ಹೋದ್ರೆ ಇಬ್ಬರು ಹಿಂದೆ ಬರ್ತಿದ್ರು. ಕಾಣೆಯಾಗೋ ಭಾಗ್ಯ ನನಗೆಲ್ಲಿ?"

ತಮಾಷೆಯ ಮಾತೇ, ಆದರೆ ನನ್ನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು.

"ಅದು ನಿಜವಾಗಿ ನಡೆದದ್ದಾ?" ಎಂದಳು ಮೆಲ್ಲಗೆ.

"ನಡೆದದ್ದು. ಆ ತಂಗಿ ಕೆಳಗೆ ಮೆಟ್ಟಿಲ ಹತ್ತಿರ ಬೆಂಚಿನ ಮೇಲೆ ಕೂತಿದಾಳೆ. ನೀವು ಹೊಡೆದು ಹಾಕಿದ್ದು ಒಂದು ಪದ ಅಲ್ಲ, ತಾಯಿ. ಒಂದು ಸಾಕ್ಷಿ."

ಅವಳ ಮುಖ ಕೆಂಪಾಯಿತು. "ನನಗೆ ಹೇಗೆ ಗೊತ್ತಾಗಬೇಕು? ಒಂದು ಪುಸ್ತಕದಲ್ಲಿ ಸತ್ತವರು ಇನ್ನೊಂದರಲ್ಲಿ ಎದ್ದು ಕೂರದ ಹಾಗೆ ನೋಡ್ಕೊಳ್ಳೋಕೇ ನನ್ನನ್ನ ಇಲ್ಲಿ ಇಟ್ಟಿರೋದು. ಒಂದು ಮಂಚ ಬಿಟ್ರೆ ನೂರು ಜನ ಓದುಗರು ಕಾಗದ ಬರೀತಾರೆ."

"ಸತ್ತವರು ಎದ್ದು ಕೂತದ್ದು ಯಾರು?"

ಮಾತು ಜಾರಿತೆಂದು ಅವಳಿಗೂ ತಿಳಿಯಿತು. ರಬ್ಬರ್ ಟೋಪಿಯನ್ನು ಹೆಬ್ಬೆರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಕಡತ ಈ ಕೋಣೆಯಿಂದ ಆಚೆ ಹೋಗೋ ಹಾಗಿಲ್ಲ."

"ನಾನೂ ಹೋಗೋದಿಲ್ಲ, ಇಲ್ಲೇ ಓದ್ತೀನಿ."

"ಹೊರಗಿನವರಿಗೆ ತೋರಿಸೋ ಹಾಗೂ ಇಲ್ಲ."

"ಅಮ್ಮಾ, ಈ ಮಾತನ್ನ ನಾನು ಎಷ್ಟು ಜನರಿಗೆ ಹೇಳಿ ಕಳಿಸಿದೀನಿ ಅಂತ ನಿಮಗೆ ಗೊತ್ತಿಲ್ಲ. ಮಕ್ಕಳನ್ನ ಕಳಕೊಂಡ ಅಪ್ಪ ಅಮ್ಮಂದಿರು ಕೌಂಟರ್ ಆಚೆ ನಿಂತಿರ್ತಿದ್ರು. ನಾನು ಈಚೆ ಕೂತು ನಿಯಮ ಓದಿ ಹೇಳ್ತಿದ್ದೆ. ಈ ಹುಡುಗಿ ಕಡತ ಮುಚ್ಚಿ ಸೀಲು ಒತ್ತಿದ್ದೂ ನಾನೇ. ಎಂಟು ವರ್ಷ ಆಗಿತ್ತು, ಸುಳಿವಿಲ್ಲ ಅಂತ ಮುಚ್ಚಿದೆ. ಆವತ್ತು ಸಾಯಂಕಾಲ ಮನೆಗೆ ಹೋಗಿ ಹೊಟ್ಟೆತುಂಬ ಊಟ ಮಾಡಿದೆ. ಈಗ ಮಾಡೋಕಾಗ್ತಿಲ್ಲ."

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಗೆ ಬಂತು.

ಅವಳು ಎದ್ದು ಬಾಗಿಲು ಮುಂದೆ ಮಾಡಿ, ಕೆಳಗಿನ ಸಾಲಿನಿಂದ ಒಂದು ಕಡತ ತಂದು ನನ್ನ ಮುಂದಿಟ್ಟಳು.

"ಬರೆದವರನ್ನ ನಾನು ಒಂದ್ಸಲನೂ ನೋಡಿಲ್ಲ," ಎಂದಳು. "ಒಂದನೇ ಪುಸ್ತಕ ಬೇರೆಯವರು ಬರೆದದ್ದು, ಆಮೇಲಿನ ಮಿಣುಕಿಯ ಅಧ್ಯಾಯ ಎಲ್ಲ ಅಂಚೇಲಿ ಬರುತ್ತೆ. ನನ್ನ ಅನುಮಾನಗಳನ್ನ ಹಳದಿ ಚೀಟೀಲಿ ಬರೆದು ಒಂದು ಅಂಚೆ ಪೆಟ್ಟಿಗೆ ನಂಬರಿಗೆ ಕಳಿಸ್ತೀನಿ. ಅದೇ ಚೀಟೀಲಿ ಉತ್ತರ ಬರೆದು ವಾಪಸ್ ಬರುತ್ತೆ. ಒಂದೊಂದು ಸಂಗತಿಗೂ ಆಧಾರ ಕೇಳಬೇಕು, ಅದು ನಿಯಮ. ಟೀವೀಲಿ ಬಂದಿದ್ರೆ ಯಾವ ಕಂತು ಅಂತ ಬರೀತಾರೆ. ತಲೆಯಿಂದ ಹುಟ್ಟಿದ್ದಾದ್ರೆ 'ಸ್ವಂತ' ಅಂತ ಬರೀತಾರೆ. ಈ ಎರಡು ಬಿಟ್ಟು ಮೂರನೇದು ಇಲ್ಲ."

ಕೈಬರಹದ ಹಾಳೆಗಳು. ಅಕ್ಷರ ಸಣ್ಣದು, ಒತ್ತಿ ಬರೆದದ್ದು. ಒಂದೊಂದು ಹಾಳೆಯ ಅಂಚಿಗೂ ಹಳದಿ ಚೀಟಿ. ಮೊದಲನೆಯದು ನನಗೆ ಬೇಕಾದದ್ದೇ ಆಗಿತ್ತು.

ತಾಳೆಯಮ್ಮನ ದುಂಡು ಅಕ್ಷರದಲ್ಲಿ: 'ಈ ಮನೆಯಲ್ಲಿ ಮಂಚ ಇಲ್ಲ.'

ಕೆಳಗೆ ಆ ಸಣ್ಣ ಅಕ್ಷರದಲ್ಲಿ: 'ಇತ್ತು.'

ಮತ್ತೆ ದುಂಡು ಅಕ್ಷರ: 'ಆಧಾರ?'

'ನಾನು ಅಲ್ಲಿದ್ದೆ.'

ಆ ಸಾಲನ್ನು ಇನ್ನೊಮ್ಮೆ ಓದಿದೆ. ಇದನ್ನು ಓದಿಯೂ ಈ ಹೆಂಗಸು ಮಂಚದ ಮೇಲೆ ಗೀಟು ಎಳೆದಿದ್ದಳಲ್ಲ ಎಂದು ಸಿಟ್ಟು ಬಂತು.

"ತಮಾಷೆ ಅಂದ್ಕೊಂಡೆ," ಎಂದಳು ನಾನು ಕೇಳುವ ಮೊದಲೇ. "ಬರೆಯೋರು ಹಾಗೆಲ್ಲ ಮಾತಾಡ್ತಾರೆ. ಮುಂದಿನ ಹಾಳೆ ನೋಡಿ. ಅದನ್ನ ನೋಡಿದ ಮೇಲೆ ನಾನು ತಮಾಷೆ ಅಂದ್ಕೊಳ್ಳಬಾರದಾಗಿತ್ತು."

ಮುಂದಿನ ಹಾಳೆಯಲ್ಲಿ ಒಂದು ಇಡೀ ಪ್ಯಾರಾ ಕೆಂಪು ಶಾಯಿಯಲ್ಲಿ ಹೊಡೆದುಹೋಗಿತ್ತು. ಚೀಟಿಯಲ್ಲಿ ಹೀಗಿತ್ತು: 'ಮಿಣುಕಿಯ ತಾಯಿ ಒಂದನೇ ಪುಸ್ತಕದಲ್ಲೇ ಸತ್ತಿದ್ದಾಳೆ, ಪುಟ ಮೂವತ್ತೊಂದು. ತೆಗೆಯಬೇಕು; ದಾರವನ್ನು ಮಿಣುಕಿಯೇ ಕಟ್ಟಲಿ.'

ಉತ್ತರ: 'ಸತ್ತಿಲ್ಲ. ಸತ್ತಿದ್ದರೆ ಬರೆಯುವುದು ಸುಲಭವಿತ್ತು.'

ಕೆಂಪು ಗೀಟಿನ ಕೆಳಗಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದೆ.

'ತಾಯಿ ಎಚ್ಚರವಿದ್ದಳು. ಬಾಗಿಲಿಗೆ ಬಂದವನು ಒಳಗೆ ಕಾಲಿಡಲಿಲ್ಲ. ಇಬ್ಬರಲ್ಲಿ ಒಬ್ಬಳು ಸಾಕು ಎಂದ. ತಾಯಿ ಮಲಗಿದ್ದ ಇಬ್ಬರನ್ನೂ ನೋಡಿದಳು. ಆಮೇಲೆ ಕೂತು ದೊಡ್ಡವಳ ಬೆರಳಿನ ಗಂಟು ಬಿಚ್ಚಿದಳು. ದಿನವಿಡೀ ದಾರದ ಜೊತೆ ಆಡಿದ ಕೈ, ಚಿಕ್ಕವಳಿಗೆ ಗೊತ್ತೇ ಆಗಲಿಲ್ಲ. ದಾರವನ್ನು ಮಂಚದ ಕಾಲಿಗೆ ಕಟ್ಟಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು. ದೊಡ್ಡವಳಿಗೆ ಎಚ್ಚರವಾಗಿತ್ತು. ಅವಳ ಕಿವಿಯಲ್ಲಿ ತಾಯಿ ಅಂದಳು, ನೀನು ಜಾಣೆ, ನೀನು ಹೇಗೋ ಬದುಕಿಕೊಳ್ಳುತ್ತೀಯ.'

ನಾನು ಹಾಳೆ ಕೆಳಗಿಟ್ಟೆ.

ಆ ತಾಯಿಯ ಹೇಳಿಕೆಯನ್ನು ಟೈಪ್ ಮಾಡಿದವನು ನಾನು. ಎದುರಿಗೆ ಕೂತಿದ್ದಳು. ಸೀರೆಯ ಅಂಚಿಗೆ ಒಂದು ಸೂಜಿ ಚುಚ್ಚಿಕೊಂಡಿದ್ದಳು, ಸಮವಸ್ತ್ರ ಹೊಲಿಯುವ ಕೆಲಸ. ನೀವು ಆಗ ಎಲ್ಲಿದ್ರಿ ಎಂದು ಅಧಿಕಾರಿ ಕೇಳಿದರು. ನಿದ್ದೆ ಹೋಗಿದ್ದೆ ಎಂದಳು. 'ನಾನು ಗಾಢ ನಿದ್ರೆಯಲ್ಲಿದ್ದೆ' ಎಂದು ನಾನು ಟೈಪ್ ಮಾಡಿದೆ. ಗಾಢ ಎಂಬ ಮಾತು ಅವಳು ಹೇಳಿರಲಿಲ್ಲ, ನಾನೇ ಸೇರಿಸಿದ್ದು. ವಾಕ್ಯ ತೂಕವಾಗಿ ಕಾಣಲಿ ಅಂತ.

ಹೋದ ಭಾನುವಾರ ಅವರ ಮನೆಗೆ ಹೋಗಿದ್ದಾಗ ಅದೇ ತಾಯಿ ನನಗೆ ಟೀ ಕೊಟ್ಟು, "ಹಳೇದನ್ನೆಲ್ಲ ಕೆದಕಿ ಆ ಹುಡುಗಿಗೆ ಯಾಕೆ ಸಂಕಟ ಕೊಡ್ತೀರಿ," ಎಂದಿದ್ದಳು. ಆ ಹುಡುಗಿ ಎಂದರೆ ಚಿಕ್ಕವಳು. ಮಗಳ ಮೇಲಿನ ಮರುಕ ಎಂದುಕೊಂಡು ತಲೆಯಾಡಿಸಿ ಬಂದಿದ್ದೆ.

"ಕರೀಲಾ ಅವರನ್ನ?" ಎಂದು ತಾಳೆಯಮ್ಮ ಕೇಳಿದಳು.

ಬೇಡ ಎನ್ನುವ ಆಸೆಯಿತ್ತು. ಆದರೆ ಮೂವತ್ತು ವರ್ಷದಿಂದ ತನ್ನದಲ್ಲದ ತಪ್ಪು ಹೊತ್ತು ಕೂತವಳು ಕೆಳಗೆ ಬೆಂಚಿನ ಮೇಲೆ ಇದ್ದಳು. ಕರೆಯಿರಿ ಎಂದೆ.

ಕನ್ನಡಕದವಳು ಬಂದು ನಿಂತೇ ಓದಿದಳು. ಲೆನ್ಸ್ ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳು ನುಣ್ಣಗಾಗಿವೆ, ಹಾಳೆ ಹಿಡಿದರೆ ಜಾರುತ್ತದೆ. ಎರಡು ಸಲ ಜಾರಿತು. ನಾನು ಎತ್ತಿಕೊಟ್ಟೆ.

ಓದಿ ಮುಗಿಸಿ ಹಾಳೆಯನ್ನು ಕಡತದೊಳಗೆ ವಾಪಸ್ ಇಟ್ಟಳು.

"ಪ್ರತಿ ವರ್ಷ ಆ ದಿನ ನಾನು ಅಮ್ಮನ ಹತ್ರ ಕ್ಷಮೆ ಕೇಳ್ತೀನಿ," ಎಂದಳು. "ದಾರ ಬಿಚ್ಚಿದ್ದಕ್ಕೆ. ಅಮ್ಮ ತಲೆ ಸವರಿ, ಹೋಗ್ಲಿ ಬಿಡು, ಚಿಕ್ಕವಳಿದ್ದೆ, ನಾನು ಕ್ಷಮಿಸಿದೀನಿ ಅಂತಾಳೆ."

"ಕಥೆ ಇದ್ದರೂ ಇರಬಹುದು," ಎಂದೆ. ನನಗೇ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ.

"ಕ್ಷಮಿಸಿದೀನಿ ಅಂತಾಳೆ, ಫೈಲಣ್ಣ. ನಾನು ಬಿಚ್ಚಿದ್ದಕ್ಕೆ ಅಕ್ಕ ಹೋಗಿಲ್ಲ ಅಂತ ಗೊತ್ತಿದ್ದೂ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ತಾಯಿಯ ಮೇಲೆ ನನಗೆ ಎಂದೂ ಯಾರ ಮೇಲೂ ಬಾರದ ಕೋಪ ಬಂತು. ಜೊತೆಗೇ, ಇಬ್ಬರು ಮಕ್ಕಳ ನಡುವೆ ಕೂತು ಗಂಟು ಬಿಚ್ಚುವ ಆ ಕೈ ಕಣ್ಣ ಮುಂದೆ ಬಂದು ಕೋಪವೂ ಪೂರ್ತಿಯಾಗಲಿಲ್ಲ.

ತಾಳೆಯಮ್ಮ ಇನ್ನೊಂದು ಕಡತ ಎಳೆದಳು. "ಇನ್ನೊಂದಿದೆ. ನಾಲ್ಕನೇ ಪುಸ್ತಕ. ಹಾಳೆ ಬಂದು ಮೂರು ವಾರ ಆಯ್ತು, ಅಚ್ಚಿಗೆ ಹೋಗಿಲ್ಲ. ಅದರಲ್ಲೂ ಒಂದು ಜಾಗ ಹೊಡೆದಿದೀನಿ."

"ಯಾಕೆ?"

"ತಾಳೆ ಆಗಲ್ಲ. ಮಿಣುಕಿ ದೊಡ್ಡವಳಾಗಿ, ವೇಷ ಮರೆಸಿಕೊಂಡು ತಂಗಿ ಇರೋ ನಿಲ್ದಾಣಕ್ಕೆ ಬರ್ತಾಳೆ. ತಂಗಿ ಅಲ್ಲಿ ದೂರದರ್ಶಕದ ಗಾಜು ತಿಕ್ಕೋ ಕೆಲಸ ಮಾಡ್ತಿರ್ತಾಳೆ. ಗುರುತು ಹಿಡೀತಾಳಾ ಅಂತ ನೋಡೋಕೆ ಮಿಣುಕಿ ಅವಳ ಎದುರು ಕೂರ್ತಾಳೆ. ತಂಗಿ ಗದ್ದ ಹಿಡಿದು ಮುಖ ಎತ್ತಿ, ಬೆಳಕನ್ನೇ ನೋಡ್ತಿರಿ, ರೆಪ್ಪೆ ಆಡಿಸ್ಬೇಡಿ ಅಂತಾಳೆ. ಗುರುತು ಹಿಡಿಯಲ್ಲ. ಎದ್ದು ಬರೋವಾಗ ತಂಗಿ ಅವಳಿಗೊಂದು ಗುಪ್ತ ಸಂಖ್ಯೆ ಬರೆದುಕೊಡ್ತಾಳೆ. ಅಲ್ಲೇ ತೊಂದರೆ. ಈ ಧಾರಾವಾಹೀಲಿ ಗುಪ್ತ ಸಂಖ್ಯೆ ಅಂದ್ರೆ ಯಾವಾಗಲೂ ಎರಡು ಅಕ್ಷರ, ನಾಲ್ಕು ಅಂಕಿ. ಇದು ಹಾಗಿಲ್ಲ, ಮಧ್ಯೆ ಚುಕ್ಕಿಗಳು ಬೇರೆ. ಹೊಡೆದುಬಿಟ್ಟೆ."

"ಓದಿ," ಎಂದಳು ಕನ್ನಡಕದವಳು.

"ಆರು ಪಾಯಿಂಟ್ ಏಳು ಐದು. ಎರಡು ಪಾಯಿಂಟ್ ಎರಡು ಐದು. ನೂರ ಮೂವತ್ತೈದು."

ಕನ್ನಡಕದವಳು ಮೇಜಿನ ಅಂಚು ಹಿಡಿದುಕೊಂಡಳು.

"ಅದು ಗುಪ್ತ ಸಂಖ್ಯೆ ಅಲ್ಲ," ಎಂದಳು. "ಕಣ್ಣಿನ ಪವರು. ಬಲಗಣ್ಣು. ದೂರದ ಪವರು, ಅಡ್ಡ ಪವರು, ಅದನ್ನ ಕೂರಿಸೋ ಕೋನ."

ನಾನು ಹಾಳೆ ತೆಗೆದುಕೊಂಡು ಅಂಕಿಗಳನ್ನು ಇನ್ನೊಮ್ಮೆ ನೋಡಿದೆ.

"ಅಂಥ ಪವರು ಎಷ್ಟೋ ಜನಕ್ಕೆ ಇರಬಹುದಲ್ಲ," ಎಂದೆ.

"ಇರಲ್ಲ. ಇದ್ರೂ ನಂಗೆ ನೆನಪಿರಲ್ಲ. ಇದು ನೆನಪಿದೆ. ಲೆನ್ಸ್ ಕಾರ್ಖಾನೆಯವರು ನೂರ ಮೂವತ್ತೈದರ ಬದಲು ಮೂವತ್ತೈದಕ್ಕೆ ಕೂರಿಸಿ ಕಳಿಸಿದ್ರು, ನಾನು ಜಗಳ ಆಡಿ ವಾಪಸ್ ಕಳಿಸಿದ್ದೆ. ಆರು ವರ್ಷದ ಹಿಂದೆ. ಎತ್ತರದ ಹೆಂಗಸು, ಮಾತು ಕಮ್ಮಿ. ಗದ್ದ ಹಿಡಿದು ಕಣ್ಣು ನೋಡ್ತಿದ್ದಾಗ ಧಾರಾಕಾರ ನೀರು ಸುರೀತು." ಅವಳ ದನಿ ಸಣ್ಣಗಾಯಿತು. "ಔಷಧಿ ಹನಿ ಹಾಕಿದ್ದೆ. ಅದಕ್ಕೇ ಅಂದ್ಕೊಂಡು ಹತ್ತಿ ಕೊಟ್ಟೆ."

"ಮತ್ತೆ ಬಂದಿದ್ಲಾ?"

"ನಾನು ನೋಡಿದ್ದು ಅದೊಂದೇ ಸಲ. ಆದ್ರೆ ಪ್ರತಿ ವರ್ಷ ಆರ್ಡರ್ ಬರುತ್ತೆ. ಅದೇ ಪವರು, ಹೊಸ ಕನ್ನಡಕ. ವರ್ಷ ವರ್ಷ ಒಂದೇ ಪವರಿಗೆ ಯಾರು ಕನ್ನಡಕ ಮಾಡಿಸ್ತಾರೆ? ಒಡ್ಕೋತಾರೇನೋ ಅಂದ್ಕೊಂಡಿದ್ದೆ. ಆರ್ಡರ್ ಬರೆದುಕೊಳ್ಳೋದೂ ಅಮ್ಮ, ಕೊಡೋದೂ ಅಮ್ಮ. ಯಾವಾಗ್ಲೂ ಗುರುವಾರ ಸಂಜೆ."

"ಗುರುವಾರನೇ ಯಾಕೆ?"

"ಗುರುವಾರ ಮಧ್ಯಾಹ್ನ ನಾನು ಲೆನ್ಸ್ ತರೋಕೆ ಕಾರ್ಖಾನೆಗೆ ಹೋಗ್ತೀನಿ, ಫೈಲಣ್ಣ. ಬರೋದು ಏಳು ಗಂಟೆ. ಅಂಗಡೀಲಿ ಅಮ್ಮ ಒಬ್ಬಳೇ ಕೂತಿರ್ತಾಳೆ."

ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ನೋಡಬೇಕಾಗಿಯೇ ಇರಲಿಲ್ಲ. ಕಾರ್ಖಾನೆಗೆ ಹೋಗುತ್ತೇನೆಂದು ಅಮ್ಮನಿಗೆ ಹೇಳಿ ಇವಳು ನನ್ನ ಜೊತೆ ಇಲ್ಲಿಗೆ ಬಂದಿದ್ದಳು.

"ಈ ವರ್ಷದ್ದು ಸಿದ್ಧವಾಗಿದೆಯಾ?"

"ಮೊನ್ನೆ ನಾನೇ ಫ್ರೇಮಿಗೆ ಕೂರಿಸಿದೆ. ಬೆಳಿಗ್ಗೆ ಅಮ್ಮ ಡಬ್ಬಿ ಒರೆಸಿ ಕೌಂಟರ್ ಮೇಲೆ ಇಡ್ತಿದ್ಲು."

ಐದಕ್ಕೆ ಹತ್ತು ನಿಮಿಷವಿತ್ತು.

ತಾಳೆಯಮ್ಮ ಮೊದಲ ಕಡತದಿಂದ ತಾಯಿಯ ಪ್ಯಾರಾ ಇದ್ದ ಹಾಳೆ ಎಳೆದು, ಮಡಚಿ ಕನ್ನಡಕದವಳ ಕೈಗಿಟ್ಟಳು. ಕೋಣೆಯಿಂದ ಆಚೆ ಹೋಗಬಾರದ ಹಾಳೆ. ನಾನು ನೋಡದವನ ಹಾಗೆ ಬಾಗಿಲು ತೆರೆದೆ.

ಬಾಡಿಗೆ ಗಾಡಿಯಲ್ಲಿ ಅವಳು ಒಂದೇ ಒಂದು ಮಾತಾಡಿದಳು. "ಅಕ್ಕ ಬದುಕಿದ್ದಾಳೆ ಅಂತ ಖುಷಿಪಡಬೇಕು ಅಲ್ವಾ?" ಬೇಗ ಹೋಗಪ್ಪಾ ಎಂದು ನಾನು ಡ್ರೈವರಿಗೆ ಹೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಮುಚ್ಚಿದ ಕಡತಗಳಲ್ಲಿ ಒಂದೂ ಹೀಗೆ ಎದ್ದು ಸಂಜೆ ಐದು ಗಂಟೆಗೆ ಕನ್ನಡಕ ಕೊಳ್ಳಲು ಬಂದದ್ದಿಲ್ಲ.

ಅಂಗಡಿಗೆ ಎರಡು ಕಟ್ಟಡ ಹಿಂದೆಯೇ ಇಳಿದೆವು. ಮುಂಭಾಗವೆಲ್ಲ ಗಾಜು. ಫ್ರೇಮುಗಳ ಸಾಲಿನ ನಡುವಿನಿಂದ ಒಳಗಿನದು ಚೆನ್ನಾಗಿ ಕಾಣುತ್ತಿತ್ತು.

ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತಲೆಯ ಒಂದು ಪಕ್ಕ ಕೂದಲು ಬೆಳ್ಳಗಾಗಿತ್ತು. ಅಮ್ಮ ಅವಳ ಎದುರು ನಿಂತು, ಎರಡೂ ಕೈಯಲ್ಲಿ ಕನ್ನಡಕ ಹಿಡಿದು ಮೆಲ್ಲಗೆ ಅವಳ ಮೂಗಿನ ಮೇಲಿಟ್ಟಳು. ಕಡ್ಡಿಗಳನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಕೈ ತೆಗೆಯಲಿಲ್ಲ. ಆ ಮುಖವನ್ನು ಹಾಗೆಯೇ ಹಿಡಿದುಕೊಂಡು ನಿಂತಳು. ಆ ಹೆಂಗಸು ಕಣ್ಣು ಮುಚ್ಚಿಕೊಂಡಳು.

ಕನ್ನಡಕದವಳು ನನ್ನ ತೋಳು ಬಿಟ್ಟು, ಹಾಳೆಯ ಮಡಿಕೆ ಬಿಚ್ಚಿ ಹಿಡಿದು ಮುಂದೆ ನಡೆದಳು.

ಮೊದಲು ನೋಡಿದವಳು ಕುರ್ಚಿಯಲ್ಲಿದ್ದವಳು. ಹೊಸ ಗಾಜಿನ ಹಿಂದೆ ಕಣ್ಣು ತೆರೆದು, ಕನ್ನಡಿಯಲ್ಲಿ ತನ್ನ ಮುಖದ ಪಕ್ಕದಲ್ಲಿ ಬೀದಿಯಿಂದ ಬರುತ್ತಿದ್ದ ತಂಗಿಯ ಮುಖ ಕಂಡಳು. ಎದ್ದು ನಿಂತಳು. ಓಡುವವಳ ಹಾಗಲ್ಲ, ಬಾಗಿಲ ಕಡೆಗೇ ಒಂದು ಹೆಜ್ಜೆ ಇಟ್ಟಳು.

ಅಮ್ಮ ತಿರುಗಿದಳು.

ಚಿಕ್ಕ ಮಗಳನ್ನು ನೋಡಿದಳು. ಅವಳ ಕೈಯಲ್ಲಿದ್ದ ಹಾಳೆ ನೋಡಿದಳು. ದೊಡ್ಡವಳ ಕೈಬರಹ, ಅದರ ಮೇಲಿನ ಕೆಂಪು ಗೀಟು ಗಾಜಿನಾಚೆಗೂ ಕಂಡಿರಬೇಕು. ಎಪ್ಪತ್ತರ ಆ ಹೆಂಗಸು ನಾನು ಊಹಿಸದಷ್ಟು ಬೇಗ ಬಾಗಿಲಿಗೆ ಬಂದಳು. ತೆರೆಯಲು ಬಂದಳು ಎಂದೇ ನಾನು ಅಂದುಕೊಂಡೆ.

ಚಿಕ್ಕ ಮಗಳು ಹಿಡಿಗೆ ಕೈ ಹಾಕುವಷ್ಟರಲ್ಲಿ ಅಮ್ಮ ಒಳಗಿನಿಂದ ಚಿಲಕ ಹಾಕಿದಳು.